ಮಂಗಳನ ಕೆರೆಯ ಜೇಡಿಮಣ್ಣು

ಕಳೆದ ಬೇಸಿಗೆಯಲ್ಲಿ ನಮ್ಮೂರ ಕೆರೆ ಪೂರ್ತಿ ಬತ್ತಿತ್ತು. ಕೆರೆಯಂಗಳದಲ್ಲಿ ನಡೆಯುವಾಗ ಆರನೇ ತರಗತಿಯ ಮೊಮ್ಮಗಳು ಕೇಳಿದಳು: “ಅಜ್ಜ, ಇಲ್ಲಿ ನೀರಿತ್ತು ಅಂತ ನಮಗೆ ಗೊತ್ತು. ಹೊಸಬರಿಗೆ ಹೇಗೆ ಗೊತ್ತಾಗತ್ತೆ?”

ಬಿರುಕುಬಿಟ್ಟ ನೆಲದಿಂದ ಒಂದು ಹೆಂಟೆ ಎತ್ತಿ ಅವಳ ಕೈಗಿಟ್ಟೆ. “ಈ ಜೇಡಿಮಣ್ಣೇ ಸಾಕ್ಷಿ ಕಣಮ್ಮ. ಮಂಗಳ ಗ್ರಹದಲ್ಲೂ ವಿಜ್ಞಾನಿಗಳು ಇಂಥದೇ ಸಾಕ್ಷಿ ಹುಡುಕಿದರು” ಎಂದೆ. ಮಕ್ಕಳೇ, ಆ ಕಥೆ ನೀವೂ ಕೇಳಿ.

ಮಂಗಳ ಇಂದು ಒಣಗಿದ ಕೆಂಪು ಮರುಭೂಮಿ. ಅಲ್ಲಿ ಗೇಲ್ ಎಂಬ ದೊಡ್ಡ ಕುಳಿಯಿದೆ. ಅಗಲ ಸುಮಾರು 154 ಕಿಲೋಮೀಟರ್. 2012ರ ಆಗಸ್ಟ್‌ನಲ್ಲಿ ನಾಸಾದ ಆರು ಚಕ್ರದ ಗಾಡಿ ಕ್ಯೂರಿಯಾಸಿಟಿ ಅಲ್ಲಿಗಿಳಿಯಿತು. 2013ರ ಫೆಬ್ರುವರಿಯಲ್ಲಿ ಒಂದು ಬಂಡೆಯನ್ನು 6.4 ಸೆಂಟಿಮೀಟರ್ ಆಳಕ್ಕೆ ಕೊರೆಯಿತು. ಮಂಗಳನ ಬಂಡೆ ಕೊರೆದು ಒಳಗಿನ ಪುಡಿ ತೆಗೆದದ್ದು ಅದೇ ಮೊದಲು. ಬಂಡೆಯ ಮೇಲೆಲ್ಲ ಕೆಂಪು ಧೂಳು, ಒಳಗಿನ ಪುಡಿ ಮಾತ್ರ ಬೂದು ಬಣ್ಣ!

ಗಾಡಿಯೊಳಗೇ ಪುಟ್ಟ ಪ್ರಯೋಗಾಲಯವಿದೆ. ಅಲ್ಲಿ ಆ ಪುಡಿಯ ಮೂಲಕ ಎಕ್ಸ್‌ರೇ ಹಾಯಿಸಲಾಯಿತು. ಒಂದೊಂದು ಖನಿಜವೂ ಎಕ್ಸ್‌ರೇಯನ್ನು ತನ್ನದೇ ರೀತಿಯಲ್ಲಿ ಚದುರಿಸುತ್ತದೆ, ನಮ್ಮ ಹೆಬ್ಬೆಟ್ಟಿನ ಗುರುತಿದ್ದ ಹಾಗೆ. ಪುಡಿಯಲ್ಲಿ ಕಡಿಮೆಯೆಂದರೂ ಶೇ 20ರಷ್ಟು ಜೇಡಿ ಖನಿಜ ಸಿಕ್ಕಿತು.

ಇದಕ್ಕೇಕೆ ಅಷ್ಟು ಸಂಭ್ರಮ? ಜ್ವಾಲಾಮುಖಿಯ ಕಲ್ಲು ತಾನಾಗಿ ಜೇಡಿಯಾಗುವುದಿಲ್ಲ. ನೀರು ಕಲ್ಲಿನೊಂದಿಗೆ ಬಹುಕಾಲ ಬೆರೆತು, ಅದರ ಖನಿಜಗಳನ್ನು ಕರಗಿಸಿ, ಹೊಸದಾಗಿ ಕಟ್ಟಿದಾಗ ಜೇಡಿ ಹುಟ್ಟುತ್ತದೆ. ಜೇಡಿಯೂ ಅದರ ಜೊತೆಗಿದ್ದ ಖನಿಜಗಳೂ ಆ ನೀರಿನ ರುಚಿಯನ್ನೇ ಹೇಳಿಬಿಟ್ಟವು: ಹುಳಿಯಲ್ಲ, ಬಹಳ ಉಪ್ಪೂ ಅಲ್ಲ. 350 ಕೋಟಿ ವರ್ಷಗಳಷ್ಟು ಹಿಂದೆ ಅಲ್ಲಿ ಕೆರೆಯಿತ್ತು. ಅದರ ನೀರು ನಾವು ಕುಡಿಯಬಹುದಾದಂಥದ್ದು!

“ಹಾಗಾದ್ರೆ ಅಲ್ಲಿ ಜೀವಿಗಳಿದ್ದವಾ?” ಮೊಮ್ಮಗಳ ಕಣ್ಣರಳಿತು.

ಜೇಡಿ ಅಷ್ಟು ಹೇಳುವುದಿಲ್ಲ. ಸೂಕ್ಷ್ಮಜೀವಿಗಳು ಬದುಕಬಹುದಾದ ಮನೆಯಿತ್ತು ಎನ್ನುತ್ತದೆ. ಆ ಮನೆಯಲ್ಲಿ ಯಾರಾದರೂ ಇದ್ದರೇ ಎಂಬುದನ್ನು ಇನ್ನೂ ಹುಡುಕುತ್ತಿದ್ದಾರೆ.

“ಮತ್ತೆ ಆ ನೀರೆಲ್ಲ ಎಲ್ಲಿ ಹೋಯ್ತು?”

ಮಂಗಳನ ಗಾಳಿ ಬರಬರುತ್ತ ತೆಳುವಾಯಿತು. ನೀರಿನ ಒಂದು ಪಾಲು ಬಾಹ್ಯಾಕಾಶಕ್ಕೆ ಸೋರಿಹೋಯಿತು. ಒಂದು ಪಾಲು ಮಂಜುಗಡ್ಡೆಯಾಯಿತು. ಇನ್ನೊಂದು ಪಾಲು ಜೇಡಿಯಂಥ ಖನಿಜಗಳೊಳಗೇ ಉಳಿದುಕೊಂಡಿತು.

ಆ ಹೆಂಟೆಯನ್ನು ಮೊಮ್ಮಗಳು ಮನೆಗೆ ತಂದು ಕಿಟಕಿಯಲ್ಲಿಟ್ಟಳು. ಮುಂಗಾರು ಬಂತು, ನಮ್ಮ ಕೆರೆಗೆ ಮತ್ತೆ ನೀರು ಬಂತು. “ಮಂಗಳನ ಕೆರೆಗೆ ಮಾತ್ರ ಬರಲೇ ಇಲ್ಲ, ಅಲ್ವಾ ಅಜ್ಜ?” ಎಂದು ಅವಳು ಕೇಳಿದಾಗ, ಏರಿಯ ಮೇಲೆ ನಿಂತು ನಮ್ಮ ಕೆರೆಯನ್ನು ಇನ್ನಷ್ಟು ಹೊತ್ತು ನೋಡಿದೆ.