ನಿಮಗಿದು ಗೊತ್ತೆ? ಹಳೆಯ ಟ್ಯಾಂಕಿಗೆ ಹೊಸ ತೋಪು

ಶಿಕಾರಿಪುರ, ಸೊರಬ ಸೀಮೆಗಳ ವೀರಗಲ್ಲುಗಳಲ್ಲಿ ಬಿಲ್ಲು, ಖಡ್ಗ, ಅಶ್ವಗಳನ್ನು ಕಂಡು ಪ್ರಾಚೀನರ ಯುದ್ಧವಿದ್ಯೆಯನ್ನು ಊಹಿಸುವ ವಾಚಕರಿಗೆ, ಇಂದಿನ ಕವಚವಾಹನಗಳು ಮುಪ್ಪಡರಿದಾಗ ಆಯುಧವನ್ನು ಬದಲಿಸಿಕೊಂಡು ಮರಳಿ ಸೇವೆಗೆ ನಿಲ್ಲುವುವೆಂಬ ಸಂಗತಿ ಕುತೂಹಲಕರವಾಗಿ ತೋರೀತು. ಬ್ರಿಟನ್ನಿನ ವಿಕರ್ಸ್ ಸಂಸ್ಥೆ ವಿನ್ಯಾಸಗೊಳಿಸಿದ, 1960ರ ದಶಕದಿಂದ ಮದರಾಸಿನ ಬಳಿಯ ಆವಡಿಯಲ್ಲಿ ನಿರ್ಮಾಣಗೊಂಡ, 105 ಮಿ.ಮೀ. ತೋಪಿನ ‘ವಿಜಯಂತ’ ಟ್ಯಾಂಕಿನ ಒಡಲನ್ನೇ ನೀಳಗೊಳಿಸಿ, ಅದರ ಮೇಲೆ ಸೋವಿಯತ್ ಮೂಲದ 130 ಮಿ.ಮೀ. ತೋಪನ್ನು ಕೂರಿಸಿ, ನಮ್ಮ ತಂತ್ರಜ್ಞರು ‘ಕ್ಯಾಟಪಲ್ಟ್’ ಎಂಬ, ತಾನೇ ಚಲಿಸುವ ಫಿರಂಗಿಯನ್ನು ಸಿದ್ಧಪಡಿಸಿದರು. ಮಿತವ್ಯಯಕ್ಕೆ ಇದಕ್ಕಿಂತ ಜಾಣ ಮಾರ್ಗ ಅಪರೂಪವೇ ಸರಿ.

ಬ್ರಿಟಿಷರಾದರೋ, 2021ರ ಒಪ್ಪಂದದಂತೆ ತಮ್ಮ ಚಾಲೆಂಜರ್ 2 ಟ್ಯಾಂಕುಗಳ ಪೈಕಿ 148ನ್ನು ಚಾಲೆಂಜರ್ 3 ಆಗಿ ಪರಿವರ್ತಿಸಲು ತೊಡಗಿ, ಒಳಮೈಯಲ್ಲಿ ಸುರುಳಿಗೆರೆಗಳಿದ್ದ ಹಳೆಯ ನಳಿಕೆಯನ್ನು ತ್ಯಜಿಸಿ, ಮಿತ್ರರಾಷ್ಟ್ರಗಳ ಮದ್ದುಗುಂಡುಗಳನ್ನೇ ಬಳಸಬಲ್ಲ 120 ಮಿ.ಮೀ.ನ ನುಣುಪು ನಳಿಕೆಯ ಜರ್ಮನ್ ತೋಪನ್ನು ಸ್ವೀಕರಿಸಿದ್ದಾರೆ. ತೋಪಿನಂತೆ ಎಂಜಿನ್ನಿನ ಮಾರ್ಪಾಡಿಗೂ ಕೈಹಾಕಿ, ಜಾಕಲ್, ಫಾಕ್ಸ್‌ಹೌಂಡ್ ಎಂಬ ಲಘು ವಾಹನಗಳಲ್ಲಿ ಅವರು ಡೀಸೆಲ್ ಎಂಜಿನ್ನಿಗೆ ವಿದ್ಯುತ್ ಮೋಟಾರು, ಬ್ಯಾಟರಿಗಳನ್ನು ಜೋಡಿಸಿ ಪರೀಕ್ಷಿಸಿದರು. ಇದರ ಪ್ರಯೋಜನ ಇಂಧನದ ಉಳಿತಾಯಕ್ಕೆ ಮುಗಿಯದು: ಎಂಜಿನ್ ನಿಲ್ಲಿಸಿ ಬ್ಯಾಟರಿಯ ಬಲದಿಂದಲೇ ಸಾಗುವ ವಾಹನದ ಸದ್ದೂ ಶಾಖವೂ ತಗ್ಗುವುದರಿಂದ ಶತ್ರುವಿನ ಕಿವಿಗೂ, ಉಷ್ಣವನ್ನು ಗುರುತಿಸುವ ಅವನ ಕ್ಯಾಮೆರಾಕ್ಕೂ ಅದು ಸುಲಭವಾಗಿ ಸಿಕ್ಕದು, ನಿಂತಲ್ಲೇ ರೇಡಿಯೋ ಮುಂತಾದ ಉಪಕರಣಗಳಿಗೆ ವಿದ್ಯುತ್ತನ್ನೂ ಒದಗಿಸಬಲ್ಲದು. ಗುರುಭಾರದ ಚಾಲೆಂಜರ್ 3 ಮಾತ್ರ ಡೀಸೆಲನ್ನೇ ನೆಚ್ಚಿಕೊಂಡಿದೆ.