ಬಡಗಿಯ ಉಪಕರಣಗಳು: ಆಯ್ಕೆ, ಬಳಕೆ ಮತ್ತು ಪಾಲನೆ

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರೂಪುಗೊಂಡಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು ಮತ್ತು ರಾಯದುರ್ಗ ತಾಲ್ಲೂಕುಗಳು ಆ ರಾಜ್ಯಕ್ಕೆ ಸೇರಿದವು. ಆಡಳಿತದ ಗಡಿ ಬದಲಾದರೂ ಈ ಸೀಮೆಯ ಕಪ್ಪುಮಣ್ಣಿಗೆ ಬೇಕಾದ ಕೂರಿಗೆ, ಕುಂಟೆ, ಬಂಡಿಗಳು ಬದಲಾಗಲಿಲ್ಲ. ಅವುಗಳನ್ನು ಮಾಡುವ ಬಡಗಿಯ ಬಳಿ ಒಂದೇ ಉಪಕರಣಕ್ಕೆ ಎರಡು ಭಾಷೆಗಳ ಹೆಸರುಗಳಿವೆ. ಕನ್ನಡದ ಗರಗಸ ತೆಲುಗಿನಲ್ಲಿ ರಂಪಂ, ಬಾಚಿ ಬಾಡಿಸ, ಉಳಿ ಉಲಿ. ಟ್ರ್ಯಾಕ್ಟರ್ ಮತ್ತು ಸಿದ್ಧ ಪೀಠೋಪಕರಣಗಳು ಬಂದ ಮೇಲೆ ಈ ಕೆಲಸ ಕಡಿಮೆಯಾಗಿದೆ. ಕೆಲಸ ಮರೆಯಾದಲ್ಲಿ ಅದರ ಪದಗಳೂ ಮರೆಯಾಗುತ್ತವೆ. ಆದುದರಿಂದ ಕನ್ನಡ ಮಾಧ್ಯಮದ ಶಿಕ್ಷಕರು ಈ ವಿಷಯವನ್ನು ತಿಳಿದಿರುವುದು ಅಗತ್ಯ.

ಆಯ್ಕೆ

ಶಾಲೆಯ ಕೈಕೆಲಸಕ್ಕೆ ಗರಗಸ, ಎರಡು ಅಗಲದ ಉಳಿಗಳು, ಕೊಡತಿ, ಸುತ್ತಿಗೆ ಮತ್ತು ಮೂಲೆಮಟ್ಟ ಸಾಕು. ಹೆಚ್ಚು ಸಂಖ್ಯೆಯ ಕಳಪೆ ಉಪಕರಣಗಳಿಗಿಂತ ಒಳ್ಳೆಯ ನಾಲ್ಕೈದು ಮೇಲು. ಮರವನ್ನು ಎಳೆಯ ಉದ್ದಕ್ಕೆ ಸೀಳುವ ಗರಗಸದ ಹಲ್ಲು ಉಳಿಯಂತೆ ಕೆತ್ತುತ್ತದೆ. ಅಡ್ಡ ಕೊಯ್ಯುವ ಗರಗಸದ ಹಲ್ಲು ಚಾಕುವಿನಂತೆ ಎಳೆಗಳನ್ನು ಕತ್ತರಿಸುತ್ತದೆ. ಕೆಲಸವನ್ನು ನೋಡಿ ಗರಗಸ ಕೊಳ್ಳಬೇಕು.

ಮೂಲೆಮಟ್ಟವನ್ನು ಅಂಗಡಿಯಲ್ಲೇ ಪರೀಕ್ಷಿಸಬಹುದು. ನೇರ ಅಂಚಿನ ಹಲಗೆಗೆ ಅದನ್ನು ಒತ್ತಿ ಒಂದು ಗೆರೆ ಎಳೆಯಬೇಕು. ಬಳಿಕ ಮಗುಚಿಟ್ಟು ಅದೇ ಬಿಂದುವಿನಿಂದ ಮತ್ತೊಂದು ಗೆರೆ ಎಳೆಯಬೇಕು. ಎರಡೂ ಒಂದಾದರೆ ಮಟ್ಟ ಸರಿ, ಕವಲೊಡೆದರೆ ದೋಷವಿದೆ.

ಕಾವಿಗೆ ಎಳೆ ನೇರವಾಗಿರುವ, ಪೆಟ್ಟು ತಾಳುವ ಮರ ಬೇಕು. ಈ ಸೀಮೆಯಲ್ಲಿ ಬೆಳೆಯುವ ಕರಿಜಾಲಿ ಇದಕ್ಕೆ ಹೆಸರಾದುದು. ಬಂಡಿಯ ಗಾಲಿಗೂ ಅದೇ ಬಳಕೆಯಾಗುತ್ತದೆ.

ಬಳಕೆ

ಮೊಂಡಾದ ಉಳಿ ಹರಿತವಾದ ಉಳಿಗಿಂತ ಅಪಾಯಕಾರಿ. ಮೊಂಡಾದುದಕ್ಕೆ ಹೆಚ್ಚು ಬಲ ಬೇಕು. ಹೆಚ್ಚು ಬಲ ಹಾಕಿದಾಗ ಅದು ಜಾರುತ್ತದೆ. ಮರವನ್ನು ಬಿಗಿಯಾಗಿ ಕಟ್ಟಿ ಅಥವಾ ಒತ್ತಿ ನಿಲ್ಲಿಸಿ, ಎರಡು ಕೈಗಳನ್ನೂ ಉಳಿಯ ಬಾಯಿಯ ಹಿಂದೆಯೇ ಇಡಬೇಕು. ಮರದ ಹಿಡಿಯ ಉಳಿಗೆ ಕೊಡತಿಯಿಂದಲೇ ಪೆಟ್ಟು ಕೊಡಬೇಕು. ಕಬ್ಬಿಣದ ಸುತ್ತಿಗೆ ಹಿಡಿಯನ್ನು ಸೀಳುತ್ತದೆ. ಬಾಚಿಯ ಬೀಸು ದೇಹದ ಕಡೆಗೇ ಬರುವುದರಿಂದ ಅದನ್ನು ಮಕ್ಕಳ ಕೈಗೆ ಕೊಡಬಾರದು. ನುರಿತ ಬಡಗಿ ಕೆತ್ತುವುದನ್ನು ದೂರದಿಂದ ನೋಡಿದರೆ ಸಾಕು.

ಪಾಲನೆ

ಉಳಿಯ ಬಾಯಿಯನ್ನು ಸುಮಾರು 25ರಿಂದ 30 ಡಿಗ್ರಿ ಓರೆಯಲ್ಲಿ ಸಾಣೆಕಲ್ಲಿನ ಮೇಲೆ ಮಸೆಯಬೇಕು. ಅಂಚಿನಲ್ಲಿ ತಂತಿಯಂತಹ ತೆಳು ಪೊರೆ ಎದ್ದಾಗ, ಹಿಂಬದಿಯನ್ನು ಕಲ್ಲಿನ ಮೇಲೆ ಚಪ್ಪಟೆಯಾಗಿಟ್ಟು ಅದನ್ನು ತೆಗೆಯಬೇಕು. ವಿದ್ಯುತ್ ಸಾಣೆಯಲ್ಲಿ ಬಾಯಿ ನೀಲಿಬಣ್ಣಕ್ಕೆ ತಿರುಗಿದರೆ ಉಕ್ಕು ಸುಮಾರು 300 ಡಿಗ್ರಿ ಸೆಲ್ಸಿಯಸ್ ಕಾದು, ಕಮ್ಮಾರನು ಕೊಟ್ಟ ಹದ ಕೆಟ್ಟಿದೆ ಎಂದರ್ಥ. ಆಗಾಗ ನೀರಿನಲ್ಲಿ ಅದ್ದಿ ತಣಿಸಿದರೆ ಇದನ್ನು ತಪ್ಪಿಸಬಹುದು.

ಬೇಸಿಗೆಯ ಒಣಹವೆಯಲ್ಲಿ ಕಾವು ಕುಗ್ಗಿ ಸುತ್ತಿಗೆಯ ತಲೆ ಸಡಿಲವಾಗುತ್ತದೆ. ಅದನ್ನು ನೀರಿನಲ್ಲಿ ನೆನೆಸುವ ರೂಢಿಯಿದೆ. ನೆನೆದ ಕಾವು ಉಬ್ಬುತ್ತದೆ. ಆದರೆ ಕಬ್ಬಿಣದ ಕಣ್ಣಿನೊಳಗೆ ಎಳೆಗಳು ನಲುಗಿ, ಒಣಗಿದ ಮೇಲೆ ಮೊದಲಿಗಿಂತಲೂ ಹೆಚ್ಚು ಸಡಿಲವಾಗುತ್ತದೆ. ಬೆಣೆ ಹೊಡೆಯುವುದೇ ಸರಿಯಾದ ಪರಿಹಾರ. ಕೆಲಸ ಮುಗಿದ ಬಳಿಕ ಹೊಟ್ಟು ಒರೆಸಿ, ಕಬ್ಬಿಣಕ್ಕೆ ತೆಳುವಾಗಿ ಎಣ್ಣೆ ಸವರಿ ಇಟ್ಟರೆ ಮಳೆಗಾಲದಲ್ಲಿ ತುಕ್ಕು ಹಿಡಿಯದು.

ತರಗತಿಯಲ್ಲಿ

2020ರ ರಾಷ್ಟ್ರೀಯ ಶಿಕ್ಷಣ ನೀತಿಯು 6ರಿಂದ 8ನೆಯ ತರಗತಿಗಳ ನಡುವೆ ಮಕ್ಕಳು 10 ದಿನ ಬ್ಯಾಗಿಲ್ಲದೆ ಸ್ಥಳೀಯ ಕಸುಬುದಾರರಿಂದ ಕಲಿಯಬೇಕೆಂದು ಹೇಳುತ್ತದೆ; ಅವರಲ್ಲಿ ಬಡಗಿಯ ಹೆಸರೂ ಇದೆ. ಊರಿನ ಬಡಗಿಯನ್ನು ಶಾಲೆಗೆ ಆಹ್ವಾನಿಸಿ ಈ ಚಟುವಟಿಕೆಗಳನ್ನು ನಡೆಸಬಹುದು:

1. ಪ್ರತಿಯೊಂದು ಉಪಕರಣದ ಚಿತ್ರ ಬರೆದು, ಮನೆಯಲ್ಲಿ ಹೇಳುವ ಹೆಸರು, ಪಠ್ಯದ ಕನ್ನಡ ಹೆಸರು, ತೆಲುಗು ಹೆಸರುಗಳನ್ನು ಮೂರು ಅಂಕಣಗಳಲ್ಲಿ ದಾಖಲಿಸುವುದು.
2. 3, 4, 5 ಗೇಣು ಉದ್ದದ ಮೂರು ಕಡ್ಡಿಗಳಿಂದ ತ್ರಿಕೋನ ಮಾಡಿ, ಅದರ ಲಂಬಕೋನವನ್ನು ಮೂಲೆಮಟ್ಟದೊಂದಿಗೆ ಹೋಲಿಸುವುದು. ಮೂರನ್ನೂ ಒಬ್ಬರೇ ಅಳೆಯಬೇಕು.

ಮನೆಯ ಮಾತಿನ ಹೆಸರನ್ನು ಶಿಕ್ಷಕರು ತಪ್ಪೆಂದು ತಿದ್ದಬಾರದು. ಬಡಗಿಯ ಮನೆಯ ಮಗು ಈ ಪಾಠದಲ್ಲಿ ತಾನೇ ಇತರರಿಗೆ ಕಲಿಸಬಲ್ಲದು. ಆ ಅವಕಾಶವನ್ನು ಅದಕ್ಕೆ ಒದಗಿಸುವುದು ಶಿಕ್ಷಕರ ಕರ್ತವ್ಯ.