ಉರಿಗೌಡ, ನಂಜೇಗೌಡ ಮತ್ತು ಒಂದು ಕಮಾನು

2023ರ ಮಾರ್ಚ್ 12ರಂದು ಮಂಡ್ಯದಲ್ಲಿ ಪ್ರಧಾನಿ ನರೇಂದ್ರ ಮೋದಿಯವರ ರೋಡ್ ಶೋ ಇತ್ತು. ಅದಾದ ಮೇಲೆ ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಬಹಿರಂಗ ಸಭೆ, ಬೆಂಗಳೂರು–ಮೈಸೂರು ಹೆದ್ದಾರಿಯ ಲೋಕಾರ್ಪಣೆ. ಸ್ವಾಗತಕ್ಕೆಂದು ಮಂಡ್ಯದಲ್ಲಿ ಎದ್ದ ಕಮಾನುಗಳಲ್ಲಿ ಒಂದಕ್ಕೆ ಉರಿಗೌಡ, ದೊಡ್ಡ ನಂಜೇಗೌಡ ಎಂಬ ಹೆಸರಿಟ್ಟಿದ್ದರು. ಆಕ್ಷೇಪ ಎದ್ದಿತು. ಕಮಾನು ನಿಂತಲ್ಲೇ ನಿಂತಿತು, ಹೆಸರು ಮಾತ್ರ ಬದಲಾಗಿ ಆದಿಚುಂಚನಗಿರಿಯ ಬಾಲಗಂಗಾಧರನಾಥ ಸ್ವಾಮೀಜಿಯವರದಾಯಿತು.

ಯಾರು ಈ ಇಬ್ಬರು? ಟಿಪ್ಪು ಸುಲ್ತಾನನನ್ನು ಕೊಂದದ್ದು ಇಂಗ್ಲಿಷರಲ್ಲ, ಈ ಸೀಮೆಯ ಇಬ್ಬರು ಒಕ್ಕಲಿಗ ವೀರರು; ಇತಿಹಾಸಕಾರರು ಬೇಕೆಂದೇ ಅದನ್ನು ಮುಚ್ಚಿಟ್ಟರು ಎಂಬುದು ಕಥೆ. ಕೊಂದವರು ಯಾರೆಂಬುದು ಇದರಲ್ಲಿ ಅರ್ಧ ಭಾಗ. 'ಮುಚ್ಚಿಟ್ಟರು' ಎಂಬ ಇನ್ನರ್ಧವೇ ಇದನ್ನು ಪಿತೂರಿ ಕಥೆಗಳ ಸಾಲಿಗೆ ಸೇರಿಸುತ್ತದೆ. ಪುರಾವೆ ಎಲ್ಲಿ ಎಂದು ಕೇಳಿದರೆ, ಪುರಾವೆ ಇಲ್ಲದಿರುವುದೇ ಮುಚ್ಚಿಟ್ಟದ್ದಕ್ಕೆ ಪುರಾವೆ ಎಂಬ ಉತ್ತರ ಸಿದ್ಧವಾಗಿರುತ್ತದೆ.

ಮಾತು ಬೆಳೆದ ದಾರಿ ನೋಡಿ. ಬಿಜೆಪಿ ನಾಯಕರು ಆಧಾರವೆಂದು ಎತ್ತಿ ತೋರಿಸಿದ್ದು ದೇ. ಜವರೇಗೌಡರು ಸಂಪಾದಿಸಿದ 'ಸುವರ್ಣ ಮಂಡ್ಯ' ಪುಸ್ತಕವನ್ನು. ಅದರಲ್ಲಿರುವುದು ಈ ಹೆಸರಿನವರು ಟಿಪ್ಪುವಿಗೆ ಎದುರು ನಿಂತರೆಂಬ ಪ್ರಸ್ತಾಪ; ಎದುರು ನಿಲ್ಲುವುದಕ್ಕೂ ಕೊಲ್ಲುವುದಕ್ಕೂ ನಡುವೆ ಬಹಳ ದೂರವಿದೆ. ಆ ದೂರವನ್ನು ದಾಟಿಸಿದ್ದು ರಂಗಭೂಮಿ. 2022ರ ನವೆಂಬರಿನಲ್ಲಿ ಮೈಸೂರು ರಂಗಾಯಣದ ಆಗಿನ ನಿರ್ದೇಶಕ ಅಡ್ಡಂಡ ಸಿ. ಕಾರ್ಯಪ್ಪನವರ 'ಟಿಪ್ಪು ನಿಜ ಕನಸುಗಳು' ನಾಟಕ ಬಂತು. ಆ ನಾಟಕದ ಪುಸ್ತಕದ ಮಾರಾಟಕ್ಕೆ ಬೆಂಗಳೂರಿನ ನ್ಯಾಯಾಲಯ ಕೆಲಕಾಲ ತಡೆಯನ್ನೂ ಕೊಟ್ಟಿತು. ತಡೆಯಿಂದ ಪ್ರಚಾರ ಇನ್ನಷ್ಟು ಹೆಚ್ಚಿತು. 2023ರ ಫೆಬ್ರುವರಿಯಲ್ಲಿ ಸಚಿವ ಸಿ.ಎನ್. ಅಶ್ವತ್ಥನಾರಾಯಣ ಮಂಡ್ಯ ಜಿಲ್ಲೆಯ ಸಭೆಯಲ್ಲಿ, ಉರಿಗೌಡ–ನಂಜೇಗೌಡರು ಟಿಪ್ಪುವಿಗೆ ಮಾಡಿದಂತೆ ಸಿದ್ದರಾಮಯ್ಯನವರನ್ನೂ ಮುಗಿಸಬೇಕೆಂಬ ಅರ್ಥದ ಮಾತಾಡಿ, ಆಮೇಲೆ ವಿಷಾದ ವ್ಯಕ್ತಪಡಿಸಿದರು. ಅವರು ಉನ್ನತ ಶಿಕ್ಷಣ ಸಚಿವರಾಗಿದ್ದರು ಎಂಬುದನ್ನು ಇಲ್ಲಿ ಬರೆದಿಡುವುದು ಒಳ್ಳೆಯದು. ಮಾರ್ಚಿನಲ್ಲಿ ಕಮಾನು, ಅದರ ಬೆನ್ನಿಗೇ ಸಚಿವ ಮುನಿರತ್ನ ಇದೇ ಹೆಸರಿನ ಸಿನಿಮಾ ಘೋಷಿಸಿದರು. ವಿಶ್ವೇಶ್ವರಯ್ಯ ನಾಲೆಯ ನೀರು ಮಳವಳ್ಳಿಯ ಕೊನೆಭಾಗ ಮುಟ್ಟುವಾಗ ದಾರಿಯ ಕಸಕಡ್ಡಿಯನ್ನೆಲ್ಲ ತಂದಿರುತ್ತದೆ; ಈ ಮಾತೂ ಹಾಗೆಯೇ, ಹೊರಟದ್ದು ಒಂದು ಪ್ರಸ್ತಾಪವಾಗಿ, ಊರೂರು ಮುಟ್ಟಿದ್ದು ಇತಿಹಾಸವಾಗಿ.

ಹಾಗಾದರೆ 1799ರಲ್ಲಿ ನಡೆದದ್ದೇನು? ಆ ವರ್ಷ ಮಾರ್ಚ್ 27ರಂದು ಮಳವಳ್ಳಿಯ ಬಯಲಲ್ಲಿ ಜನರಲ್ ಹ್ಯಾರಿಸ್‌ನ ಸೈನ್ಯಕ್ಕೆ ಟಿಪ್ಪು ಸೋತ. ಆ ಕಾಳಗದಲ್ಲಿ ಒಂದು ಪಾರ್ಶ್ವವನ್ನು ನಡೆಸಿದ ಆರ್ಥರ್ ವೆಲ್ಲೆಸ್ಲಿಯೇ ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು. ಮಳವಳ್ಳಿಯಿಂದ ಇಂಗ್ಲಿಷರು ಸೋಸಲೆಯ ಬಳಿ ಕಾವೇರಿ ದಾಟಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದರು. ಮೇ 4ರ ಮಧ್ಯಾಹ್ನ, ಬಿಸಿಲು ನೆತ್ತಿಯ ಮೇಲಿದ್ದಾಗ, ಕೋಟೆಯ ವಾಯವ್ಯ ಮೂಲೆಯ ಬಿರುಕಿನಿಂದ ಡೇವಿಡ್ ಬೇರ್ಡ್‌ನ ದಂಡು ಒಳನುಗ್ಗಿತು. ಇದೇ ಪಟ್ಟಣದಲ್ಲಿ ಹಿಂದೊಮ್ಮೆ ವರ್ಷಗಟ್ಟಲೆ ಸೆರೆಯಲ್ಲಿದ್ದ ಮನುಷ್ಯ ಈ ಬೇರ್ಡ್. ಊಟಕ್ಕೆ ಕುಳಿತಿದ್ದ ಟಿಪ್ಪು ಎದ್ದು ಹೋಗಿ ಹೋರಾಡಿದ, ಗಾಯಗೊಂಡ, ಒಳಕೋಟೆಯ ದಿಡ್ಡಿಬಾಗಿಲ ಬಳಿ ನೂಕುನುಗ್ಗಲಿನಲ್ಲಿ ಬಿದ್ದ. ಸೈನಿಕನೊಬ್ಬ ಅವನ ಕತ್ತಿಯ ಪಟ್ಟಿಗೆ ಕೈ ಹಾಕಿದಾಗ ಸುಲ್ತಾನ ಕತ್ತಿ ಬೀಸಿದ, ಆತ ಗುಂಡು ಹಾರಿಸಿದ ಎಂದು ಬದುಕುಳಿದ ಸೇವಕ ರಾಜಾ ಖಾನನ ಹೇಳಿಕೆಯ ಮೇಲೆ ದಾಖಲಾಗಿದೆ. ಕತ್ತಲಾದ ಮೇಲೆ ದೀವಟಿಗೆ ಹಿಡಿದು ಹೆಣಗಳ ರಾಶಿಯಲ್ಲಿ ಹುಡುಕಿದರು. ಕಣತಲೆಯಲ್ಲಿ ಗುಂಡಿನ ಗಾಯವಿತ್ತು. ಮರುದಿನ ಗುಂಬಜ್‌ನಲ್ಲಿ ತಂದೆ ಹೈದರಾಲಿಯ ಪಕ್ಕ ದಫನ್ ಆಯಿತು.

ಗುಂಡು ಹಾರಿಸಿದವನ ಹೆಸರು ಮಾತ್ರ ಯಾರಿಗೂ ತಿಳಿಯಲಿಲ್ಲ. ಕೊಂದದ್ದು ಸುಲ್ತಾನನನ್ನು ಎಂದು ಅವನಿಗೇ ಗೊತ್ತಿರಲಿಲ್ಲವೇನೋ. ಪಿತೂರಿ ಕಥೆಗೆ ಇಂಥ ಒಂದು ನಿಜವಾದ ಖಾಲಿ ಜಾಗ ಸಿಕ್ಕರೆ ಸಾಕು. ಖಾಲಿ ಇದ್ದದ್ದು ಒಬ್ಬ ಸಿಪಾಯಿಯ ಹೆಸರಿನ ಜಾಗ. ಅಲ್ಲಿ ಎರಡು ನೂರು ವರ್ಷಗಳ ನಂತರ ಇಬ್ಬರು ಗೌಡರನ್ನು ತಂದು ಕೂರಿಸಿದರು.

ಈ ನೆಲದ ಸ್ವಭಾವ ಬಲ್ಲವರಿಗೆ ಕಥೆಯ ಮೇಲೆ ಅನುಮಾನ ಬರಲು ಬೇರೆ ಕಾರಣಗಳೂ ಇವೆ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ, ಕ್ರಿ.ಶ. 950ರ ಹೊತ್ತಿನ ಶಾಸನ ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಡುಹಂದಿಯೊಂದಿಗೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಗೆ ನಿಲ್ಲಿಸಿದ ಕಲ್ಲದು. ನಾಯಿಯ ಹೆಸರನ್ನೂ ಕಲ್ಲಿನಲ್ಲಿ ಕೊರೆದ ಸೀಮೆ ಇದು. ಹದಿನೆಂಟನೇ ಶತಮಾನಕ್ಕೆ ವೀರಗಲ್ಲಿನ ರೂಢಿ ಸೊರಗಿತ್ತು ಅಂತಲೇ ಇಟ್ಟುಕೊಳ್ಳೋಣ. ಆದರೂ ಲಾವಣಿ ಇತ್ತು. ಟಿಪ್ಪುವಿನ ಸಾವಿನ ಲಾವಣಿಗಳನ್ನು ಈ ಭಾಗದಲ್ಲಿ ಬಹಳ ಕಾಲ ಹಾಡಿದ್ದಾರೆ. ಇನಾಮು ಇತ್ತು: 1799ರ ಜೂನ್‌ನಲ್ಲಿ ಒಡೆಯರು ಮತ್ತೆ ಪಟ್ಟಕ್ಕೆ ಬಂದಾಗ, ಸುಲ್ತಾನನನ್ನು ಕೊಂದವರು ಮಂಡ್ಯದ ಗೌಡರೇ ಆಗಿದ್ದಿದ್ದರೆ ದಿವಾನ್ ಪೂರ್ಣಯ್ಯನವರ ಕಾಲದಲ್ಲಿ ಒಂದು ಊರನ್ನಾದರೂ ಬಿಟ್ಟುಕೊಡುತ್ತಿರಲಿಲ್ಲವೇ? ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಮದ್ದೂರು, ಮಂಡ್ಯಗಳ ಮೇಲೆಯೇ ಶ್ರೀರಂಗಪಟ್ಟಣಕ್ಕೆ ಹೋದ. ಬೆಳೆ, ಗೊಬ್ಬರ, ಕಂದಾಯ, ಜಾತಿ ಪದ್ಧತಿ, ದನದ ತಳಿ, ಎಲ್ಲವನ್ನೂ ರೈತರಿಂದ ಕೇಳಿ ಬರೆದುಕೊಂಡ. ಟಿಪ್ಪುವನ್ನು ಹಳಿಯಲು ಅವನಿಗೆ ಸಂಕೋಚವೇನೂ ಇರಲಿಲ್ಲ. ಅವನ ಬರಹದಲ್ಲೂ ಈ ಇಬ್ಬರಿಲ್ಲ.

ಪಿತೂರಿ ಎಂದ ಕೂಡಲೇ ಸುಳ್ಳು ಎಂದು ಮುಖ ತಿರುಗಿಸುವುದೂ ತಪ್ಪಾದೀತು. ಶ್ರೀರಂಗಪಟ್ಟಣ ನಿಜವಾದ ಪಿತೂರಿಗಳ ಊರು. ಮಹಾರಾಣಿ ಲಕ್ಷ್ಮಮ್ಮಣ್ಣಿಯವರ ಪರವಾಗಿ ತಿರುಮಲರಾಯ 1782ರಲ್ಲಿ ಇಂಗ್ಲಿಷರ ಜೊತೆ ಗುಟ್ಟಾಗಿ ಒಪ್ಪಂದ ಮಾಡಿಕೊಂಡ. 1783ರಲ್ಲಿ ಟಿಪ್ಪು ದೂರ ಇದ್ದಾಗ ರಾಜಧಾನಿಯಲ್ಲೇ ಬಂಡಾಯದ ಸಂಚು ನಡೆಯಿತು. ಅದರಲ್ಲಿ ಸಿಕ್ಕಿಬಿದ್ದವರಲ್ಲಿ ಅಂಚೆ ಇಲಾಖೆಯನ್ನು ನೋಡಿಕೊಳ್ಳುತ್ತಿದ್ದ ಶಾಮಯ್ಯನೂ ಒಬ್ಬ. ಕೊನೆಯ ದಿನ ಮೀರ್ ಸಾದಿಕ್ ಮಾಡಿದನೆನ್ನುವ ದ್ರೋಹ ಮನೆಮಾತು. ನಿಜವಾದ ಸಂಚಿನಲ್ಲಿ ಓಲೆ ಹೋಗುತ್ತದೆ, ಹಣ ಕೈ ಬದಲಾಗುತ್ತದೆ, ಯಾರೋ ಬಾಯಿ ಬಿಡುತ್ತಾರೆ, ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಾರೆ, ಹೆಚ್ಚಿನ ಸಲ ಕೆಲಸ ಕೆಡುತ್ತದೆ. ಕಡತದಲ್ಲಿ ಅದರ ಗುರುತು ಉಳಿಯುತ್ತದೆ. ಕಟ್ಟಿದ ಕಥೆಯಲ್ಲಿ ಇದಾವುದೂ ಇರುವುದಿಲ್ಲ. ಎಲ್ಲರೂ ಗುಟ್ಟು ಕಾಪಾಡುತ್ತಾರೆ, ಎಲ್ಲವೂ ಅಂದುಕೊಂಡಂತೆಯೇ ನಡೆಯುತ್ತದೆ.

ಅಮೆರಿಕದ ಇತಿಹಾಸಕಾರ ರಿಚರ್ಡ್ ಹಾಫ್‌ಸ್ಟಾಡ್ಟರ್ 1964ರಲ್ಲೇ ಇಂಥ ರಾಜಕಾರಣದ ಲಕ್ಷಣ ಬರೆದಿಟ್ಟಿದ್ದಾನೆ. ಅವನ ಪ್ರಕಾರ ಈ ಜನ ಸೋಮಾರಿಗಳಲ್ಲ, ಸಣ್ಣಪುಟ್ಟ ನಿಜಗಳನ್ನು ಬಹಳ ಶ್ರದ್ಧೆಯಿಂದ ಕೂಡಿಹಾಕುತ್ತಾರೆ. ಕೊನೆಯಲ್ಲಿ ಮಾತ್ರ ಒಂದು ಹಾರಿಕೆ. ಅಲ್ಲಿ ಬರಾಕ್ ಒಬಾಮ ಅಮೆರಿಕದಲ್ಲಿ ಹುಟ್ಟಿದವರೇ ಅಲ್ಲ ಎಂಬ ಗದ್ದಲ ವರ್ಷಗಟ್ಟಲೆ ನಡೆಯಿತು. 2011ರ ಏಪ್ರಿಲ್‌ನಲ್ಲಿ ಶ್ವೇತಭವನ ಪೂರ್ತಿ ಜನನ ಪ್ರಮಾಣಪತ್ರವನ್ನೇ ಹೊರಗಿಟ್ಟರೂ ಪತ್ರವೇ ಖೋಟಾ ಅಂದವರಿದ್ದರು.

ಅಲ್ಲಿಯ ಟಿವಿಯ ಕಥೆ ನಮಗೆ ಹೆಚ್ಚು ಉಪಯುಕ್ತ. ವಿವಾದದ ವಿಷಯದಲ್ಲಿ ಎರಡೂ ಕಡೆ ಹೇಳಬೇಕೆಂದು ಪ್ರಸಾರ ಸಂಸ್ಥೆಗಳಿಗೆ 1949ರಿಂದ ಇದ್ದ ನಿಯಮ 1987ರಲ್ಲಿ ಹೋಯಿತು. ಮರುವರ್ಷ ರಶ್ ಲಿಂಬಾ ಎಂಬಾತನ ಒಂದೇ ಪಕ್ಷದ ರೇಡಿಯೊ ಮಾತು ದೇಶವ್ಯಾಪಿಯಾಯಿತು. 1996ರಲ್ಲಿ ಫಾಕ್ಸ್ ನ್ಯೂಸ್ ಬಂತು. ಕೇಬಲ್ ವಾಹಿನಿಗೆ ಆ ಹಳೆ ನಿಯಮ ಹೇಗೂ ಅನ್ವಯಿಸುತ್ತಿರಲಿಲ್ಲ, ಆದ್ದರಿಂದ ಎಲ್ಲ ತಪ್ಪನ್ನೂ ನಿಯಮ ರದ್ದಾದದ್ದರ ತಲೆಗೆ ಕಟ್ಟುವುದು ಬೇಡ. 2020ರ ಚುನಾವಣೆಯ ರಾತ್ರಿ ಅರಿಜೋನಾ ಬೈಡನ್ ಪಾಲಾಯಿತೆಂದು ಫಾಕ್ಸ್ ಎಲ್ಲರಿಗಿಂತ ಮೊದಲು ಹೇಳಿತು. ಸರಿಯಾಗಿಯೇ ಹೇಳಿತು. ನೋಡುಗರು ಸಿಟ್ಟಾದರು, ಪಕ್ಕದ ವಾಹಿನಿಗೆ ಸರಿಯತೊಡಗಿದರು. ಡೊಮಿನಿಯನ್ ಕಂಪನಿಯ ಮತಯಂತ್ರಗಳು ಮತ ಕದ್ದವೆಂಬ ಮಾತಿಗೆ ಫಾಕ್ಸ್ ತೆರೆ ಬಿಟ್ಟುಕೊಟ್ಟದ್ದು ಆಮೇಲೆ. ಕಂಪನಿ ಮೊಕದ್ದಮೆ ಹೂಡಿದಾಗ ಒಳಗಿನ ಸಂದೇಶಗಳು ಹೊರಬಿದ್ದವು: ತೆರೆಯ ಮೇಲೆ ಕಾಣಿಸಿಕೊಳ್ಳುವ ದೊಡ್ಡ ಮುಖಗಳೇ ಒಳಗೊಳಗೆ ಅದನ್ನು ನಂಬಿರಲಿಲ್ಲ. 2023ರ ಏಪ್ರಿಲ್ 18ರಂದು ಫಾಕ್ಸ್ 78.75 ಕೋಟಿ ಡಾಲರ್, ಅಂದರೆ ಸುಮಾರು ಆರೂವರೆ ಸಾವಿರ ಕೋಟಿ ರೂಪಾಯಿ, ಕೊಟ್ಟು ರಾಜಿಯಾಯಿತು. ಮಂಡ್ಯದ ಕಮಾನಿನ ಹೆಸರು ಬದಲಾಗಿ ಆಗಿನ್ನೂ ಆರು ವಾರ ಕಳೆದಿರಲಿಲ್ಲ.

ಪಕ್ಷಪಾತಿ ವಾಹಿನಿ ಜನರ ತಲೆ ಕೆಡಿಸುತ್ತದೆ ಎಂದು ನಾವು ಸಾಮಾನ್ಯವಾಗಿ ಹೇಳುತ್ತೇವೆ. ಫಾಕ್ಸ್ ಪ್ರಕರಣದಲ್ಲಿ ಕಂಡದ್ದು ತಿರುಗುಮುರುಗು: ನೋಡುಗರು ವಾಹಿನಿಯನ್ನು ಹೆದರಿಸಿದರು. ಕನ್ನಡದ ಸುದ್ದಿವಾಹಿನಿಗಳ ಸಂಜೆಯ ಚರ್ಚೆಯೂ ಇದೇ ಲೆಕ್ಕದ ಮೇಲೆ ನಿಂತಿದೆ. ಎರಡು ಪಕ್ಷದ ವಕ್ತಾರರು, ಜೊತೆಗೊಬ್ಬ ಇತಿಹಾಸ ಪ್ರಾಧ್ಯಾಪಕರು, ಮೂವರಿಗೂ ಸಮ ಸಮಯ. 'ಟಿಪ್ಪುವನ್ನು ಕೊಂದವರು ಯಾರು?' ಎಂಬ ಪ್ರಶ್ನೆಗೆ ಹೀಗೆ ಸಮಪಾಲು ಹಂಚಿದ ಕ್ಷಣವೇ ಕಟ್ಟುಕಥೆಗೆ ಅರ್ಧ ಗೆಲುವು. ಇಲ್ಲಿ ದಂಡವೂ ಹಗುರ. 2020ರಲ್ಲಿ ಕೊರೊನಾ ಹರಡಿದ್ದಕ್ಕೆ ತಬ್ಲೀಗಿಗಳನ್ನು ಗುರಿ ಮಾಡಿ ಪ್ರಸಾರ ಮಾಡಿದ ಎರಡು ಕನ್ನಡ ವಾಹಿನಿಗಳಿಗೆ ಸುದ್ದಿ ಪ್ರಸಾರಕರ ಸ್ವನಿಯಂತ್ರಣ ಪ್ರಾಧಿಕಾರ 2021ರ ಜೂನ್‌ನಲ್ಲಿ ದಂಡ ಹಾಕಿತು. ಒಂದಕ್ಕೆ 1 ಲಕ್ಷ ರೂಪಾಯಿ, ಇನ್ನೊಂದಕ್ಕೆ 50 ಸಾವಿರ.

2024ರ ಜನವರಿಯಲ್ಲಿ ಮಂಡ್ಯ ತಾಲ್ಲೂಕಿನ ಕೆರಗೋಡಿನಲ್ಲಿ 108 ಅಡಿಯ ಧ್ವಜಸ್ತಂಭದಿಂದ ಹನುಮಧ್ವಜ ಇಳಿಸಿದಾಗಲೂ ಇದೇ ಆಟ. ಪಂಚಾಯಿತಿ ಕೊಟ್ಟ ಅನುಮತಿ ಯಾವ ಧ್ವಜಕ್ಕೆ ಎಂಬುದು ಒಂದು ಹಾಳೆ ಓದಿದರೆ ತಿಳಿಯುವ ಸಂಗತಿ. ಆ ಹಾಳೆಗಿಂತ ಇಳಿಸುವ ವಿಡಿಯೊ ಹೆಚ್ಚು ಓಡಾಡಿತು.

ಟಿಪ್ಪುವಿನ ವಿಷಯದಲ್ಲಿ ಒಂದೇ ಪಕ್ಷವನ್ನು ದೂರುವಂತಿಲ್ಲ. 2015ರಿಂದ ಕಾಂಗ್ರೆಸ್ ಸರ್ಕಾರ ಜಯಂತಿ ಮಾಡಿ ಅವನನ್ನು ಚುನಾವಣೆಯ ಸರಕಾಗಿಸಿತು, 2019ರಲ್ಲಿ ಬಿಜೆಪಿ ಸರ್ಕಾರ ರದ್ದು ಮಾಡಿ ಇನ್ನೊಂದು ಬಗೆಯ ಸರಕಾಗಿಸಿತು. ಕೊಡವರು, ಮೇಲುಕೋಟೆಯ ಅಯ್ಯಂಗಾರ್ ಮನೆತನಗಳು ಇಟ್ಟುಕೊಂಡಿರುವ ಕಹಿ ನೆನಪುಗಳನ್ನು ಕೇಳದೆ ಜಯಂತಿ ನಡೆಯಿತು. ಆದರೆ ಉರಿಗೌಡರ ಕಥೆಗೆ ಬೇರೆಯೇ ಲೆಕ್ಕವಿತ್ತು. 2018ರಲ್ಲಿ ಮಂಡ್ಯ ಜಿಲ್ಲೆಯ 7 ಕ್ಷೇತ್ರಗಳೂ ಜೆಡಿಎಸ್ ಪಾಲಾಗಿದ್ದವು. ಒಕ್ಕಲಿಗ ಮತಕ್ಕೆ ಒಬ್ಬ ವೀರ, ಆ ವೀರನಿಗೆ ಒಬ್ಬ ಮುಸ್ಲಿಂ ಶತ್ರು ಬೇಕಿತ್ತು.

ಕಥೆಯನ್ನು ನಿಲ್ಲಿಸಿದ್ದು ವಿಶ್ವವಿದ್ಯಾಲಯವಲ್ಲ, ನ್ಯಾಯಾಲಯವಲ್ಲ, ಟಿವಿಯಂತೂ ಅಲ್ಲ. ಆದಿಚುಂಚನಗಿರಿಯ ನಿರ್ಮಲಾನಂದನಾಥ ಸ್ವಾಮೀಜಿ ಮುನಿರತ್ನರನ್ನು ಕರೆಸಿಕೊಂಡರು. ಶಾಸನವೋ ದಾಖಲೆಯೋ ಇದ್ದವರು ಮಠಕ್ಕೆ ತಂದು ಕೊಡಲಿ, ತಜ್ಞರು ನೋಡಲಿ, ಅಲ್ಲಿಯವರೆಗೆ ಹೇಳಿಕೆಗಳು ಸಾಕು ಎಂದರು. 2023ರ ಮಾರ್ಚ್ 20ರಂದು ಸಿನಿಮಾ ಕೈಬಿಟ್ಟ ಸುದ್ದಿ ಬಂತು. ಯಾವ ಜನರನ್ನು ಒಲಿಸಲು ಕಥೆ ಹುಟ್ಟಿತೋ ಅವರ ಗುರುಪೀಠವೇ ಪುರಾವೆ ಕೇಳಿದಾಗ ಹೇಳಲು ಏನೂ ಉಳಿಯಲಿಲ್ಲ. ಇದು ಸಮಾಧಾನದ ಸಂಗತಿ, ಪೂರ್ತಿ ಸಮಾಧಾನದ್ದಲ್ಲ. ನಾಳೆ ಇಂಥದೇ ಕಥೆಯನ್ನು ಒಂದು ಮಠವೇ ಒಪ್ಪಿಕೊಂಡರೆ ತಡೆಯುವವರು ಯಾರು? ಮೈಸೂರಿನಲ್ಲಿ ವಿಶ್ವವಿದ್ಯಾಲಯವಿದೆ, ಪುರಾತತ್ವ ಇಲಾಖೆಯಿದೆ, ಪತ್ರಾಗಾರವಿದೆ. ಪುರಾವೆ ಕೇಳುವ ಕೆಲಸ ಅವರದು.

2023ರ ಮೇ ತಿಂಗಳ ವಿಧಾನಸಭಾ ಚುನಾವಣೆಯಲ್ಲಿ ಬಿಜೆಪಿಗೆ ಜಿಲ್ಲೆಯಲ್ಲಿ ಒಂದು ಕ್ಷೇತ್ರವೂ ಬರಲಿಲ್ಲ. ಮದ್ದೂರು, ಮಳವಳ್ಳಿ ಸೇರಿ ಐದು ಕಾಂಗ್ರೆಸ್‌ಗೆ, ಕೆ.ಆರ್. ಪೇಟೆ ಜೆಡಿಎಸ್‌ಗೆ, ಮೇಲುಕೋಟೆ ರೈತಸಂಘದ ದರ್ಶನ್ ಪುಟ್ಟಣ್ಣಯ್ಯನವರಿಗೆ. ಜನ ಕಟ್ಟುಕಥೆಯನ್ನು ಸೋಲಿಸಿದರು ಎಂದು ಬರೆದವರುಂಟು. ನನಗೆ ಅಷ್ಟು ಧೈರ್ಯವಿಲ್ಲ. ಆ ಮತದಲ್ಲಿ ಕಬ್ಬಿನ ಬೆಲೆ, ಗ್ಯಾರಂಟಿ, ಜಾತಿ ಲೆಕ್ಕ ಎಲ್ಲ ಇತ್ತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಜೆಡಿಎಸ್ ಬಿಜೆಪಿಯ ಮೈತ್ರಿಕೂಟ ಸೇರಿತು, 2024ರಲ್ಲಿ ಎಚ್.ಡಿ. ಕುಮಾರಸ್ವಾಮಿ ಮಂಡ್ಯದಿಂದ ಲೋಕಸಭೆಗೆ ಗೆದ್ದರು. ಹಿಂದಿನ ವರ್ಷ ಉರಿಗೌಡರ ಕಥೆಯನ್ನು ಕಟುವಾಗಿ ಟೀಕಿಸಿದವರಲ್ಲಿ ಅವರೂ ಒಬ್ಬರು.

ಇದನ್ನು ಓದುವವರಲ್ಲಿ ಯಾರ ಮನೆಯ ಅಟ್ಟದಲ್ಲಾದರೂ ಹಳೆಯ ಕಡತ, ತಾಮ್ರಪಟ, ಇನಾಮು ಪತ್ರ, ಲಾವಣಿಯ ಕೈಬರಹ ಇದ್ದರೆ, ಅದರಲ್ಲಿ ಉರಿಗೌಡ, ನಂಜೇಗೌಡರ ಹೆಸರಿರಲಿ ಇಲ್ಲದಿರಲಿ, ಮೈಸೂರಿನ ಪತ್ರಾಗಾರಕ್ಕೆ ಒಯ್ದು ತೋರಿಸಿ. ಪಕ್ಷದ ಕಚೇರಿಗೆ ಕೊಡಬೇಡಿ.